ಹುನಗುಂದದಲ್ಲಿ ಬ್ಲೂಸ್ ಕೇಳಿಸಿದ ಕೆಲೂರ ಸರ್

ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಇಂಗ್ಲಿಷ್ ಕಲಿಸಿದ ವಿದ್ವಾಂಸರಿಗೆ ಕೊರತೆಯಿಲ್ಲ. ಆದರೆ ಆ ಭಾಷೆಯಲ್ಲಿ ಬಡವರು ಹೇಗೆ ಅಳುತ್ತಾರೆ, ಅತ್ತ ಮೇಲೆ ಹೇಗೆ ನಗುತ್ತಾರೆ ಎಂಬುದನ್ನು ಕಿವಿತುಂಬ ಕೇಳಿಸಿದವರು ಶ್ರೀ ಅಮರಪ್ಪ ಕೆಲೂರ ಅವರೊಬ್ಬರೇ. ಗುಳೇದಗುಡ್ಡದ ನೇಕಾರ ಮನೆತನದ ಈ ಮಹನೀಯರು ೧೯೭೧ರಲ್ಲಿ ಹುನಗುಂದದ ಕಾಲೇಜಿಗೆ ಬಂದಾಗ, ಅವರ ಸಾಮಾನಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಇಳಿದದ್ದು ಒಂದು ರೆಕಾರ್ಡ್ ಪ್ಲೇಯರ್ ಮತ್ತು ಹನ್ನೆರಡು ರೆಕಾರ್ಡುಗಳು.

ಮುಂಬಯಿಯಲ್ಲಿ ಓದುವಾಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೆಕ್ಕಿದ, ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳವು. ಮೊದಲು ಪಿಯಾನೋ ಜತೆ ಗತ್ತಿನಿಂದ ಹಾಡುವ ಇಪ್ಪತ್ತರ ದಶಕದ ಹೆಂಗಸು, ಆಮೇಲೆ ಗಿಟಾರಿನ ತಂತಿಯ ಮೇಲೆ ಚಾಕು ಜಾರಿಸುವ ಕುರುಡ, ಕೊಡಲಿ ಏಟಿಗೆ ದನಿಗೂಡಿಸುವ ಕೈದಿಗಳು, ಕಡೆಗೆ ಶಹರ ಸೇರಿ ಕರೆಂಟಿನ ಗಿಟಾರು ಹಿಡಿದ ಐವತ್ತರ ದಶಕದವರು. ಈ ಅನುಕ್ರಮವನ್ನು ದೇವರೇ ಬಂದು ಕೇಳಿದರೂ ಅವರು ಬದಲಿಸುವವರಲ್ಲ. ಚೆನ್ನಾಗಿ ಹಾಡುವವರು ಬೇಡ, ಹಾಡದೆ ಇರಲಾರದವರು ಬೇಕು ಎಂಬುದೇ ಅವರ ಆಯ್ಕೆಯ ಕಟ್ಟಳೆ.

ಪ್ರತಿ ಶನಿವಾರ ಸಂಜೆ ಕಾಲೇಜಿನ ಕೋಣೆಯೊಂದರಲ್ಲಿ ಅವನ್ನು ಕೇಳಿಸುತ್ತಿದ್ದರು. ಮಾತು ತೊದಲುತ್ತಿದ್ದ ವಿದ್ಯಾರ್ಥಿ ರಾಜಮಹ್ಮದನಿಂದಲೇ ಪ್ರತಿ ಹಾಡಿನ ಪರಿಚಯ ಹೇಳಿಸಿ, ಅವನು ಮುಗಿಸುವವರೆಗೂ ಮುಳ್ಳು ಇಳಿಸದೆ ತಾಳ್ಮೆಯಿಂದ ನಿಲ್ಲುತ್ತಿದ್ದರು. ಇಂದು ರಾಜಮಹ್ಮದರು ಬಾಗಲಕೋಟೆಯಲ್ಲಿ ವಕೀಲರು. ಅವರ ಮಾತು ನಿಲ್ಲಿಸುವುದೇ ನ್ಯಾಯಾಧೀಶರಿಗೆ ಕಷ್ಟವಾಗಿದೆ.

೧೯೭೮ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾದ ಇಳಕಲ್ಲಿನ ಸೀರೆ ವ್ಯಾಪಾರಿ ಚಂದಪ್ಪನವರ ಕಿವಿಗೆ ಈ ಸುದ್ದಿ ಬಿತ್ತು. ಕೆಲೂರರನ್ನು ಕರೆಸಿ ನೇರವಾಗಿ ಹೇಳಿದರು: “ಕುಡುಕರ ಹಾಡ ಕೇಳಾಕ ಮಕ್ಕಳನ್ನ ಕಾಲೇಜಿಗೆ ಕಳಸ್ತಾರೇನ್ರಿ? ಇದನ್ನ ಬಂದ್ ಮಾಡ್ರಿ. ಇಲ್ಲಂದ್ರ ನಿಮ್ಮ ನೌಕರಿ ಕಾಯಂ ಆಗೂದಿಲ್ಲ.”

ಕೆಲೂರರು ಆಗಲೂ ಹಂಗಾಮಿ ಉಪನ್ಯಾಸಕರೇ. ಮನೆಯಲ್ಲಿ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ತಾಯಿ. ಆದರೂ ಅವರು ಜಗ್ಗಲಿಲ್ಲ. “ಒಮ್ಮೆ ಬಂದು ಕುಂತು ಕೇಳ್ರಿ, ಸಾಹೇಬ್ರ. ಕೇಳಿದ ಮ್ಯಾಲ ಬ್ಯಾಡ ಅನ್ರಿ.”

ಚಂದಪ್ಪನವರು ಬಂದೇಬಿಟ್ಟರು. ಕಾಲೇಜಿನ ಸಮ್ಮೇಳನಕ್ಕೆಂದು ರಾಮಥಾಳದಿಂದ ಬಂದಿದ್ದ, ಬೀರಪ್ಪನ ಭಕ್ತರಾದ ಡೊಳ್ಳಿನ ಮೇಳದವರೂ ಅಂದು ಅದೇ ಕೋಣೆಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಅವರ ಪದ್ಧತಿಯಲ್ಲಿ ಮುಂದೆ ನಿಂತು ಹಾಡುವವನು ಸಾಲು ಹೇಳಿದರೆ ಹಿಮ್ಮೇಳ ಅದನ್ನೇ ತಿರುಗಿ ಹೇಳಬೇಕು. ಬ್ಲೂಸಿನಲ್ಲಾದರೋ ಹಾಡುಗಾರ ತನ್ನ ಸಾಲನ್ನು ತಾನೇ ಎರಡು ಸಲ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುತ್ತಾನೆ.

ಕುರುಡನ ಹಾಡು ಶುರುವಾಯಿತು. ಮೇಳದ ಹಿರಿಯ ಕಾಳಪ್ಪನಿಗೆ ತಡೆಯಲಾಗಲಿಲ್ಲ. “ಇವನ ಹಿಮ್ಮೇಳದವರು ಎಲ್ಲಿ ಹ್ವಾದ್ರಲೇ? ಪಾಪ, ಒಬ್ಬನ ಎರಡೂ ಸಲ ಹಾಡಾಕತ್ತಾನ. ಎತ್ರಿ!”

ಮೇಳ ದನಿ ಎತ್ತಿತು. ಮಾತು ತಿಳಿಯದಿದ್ದರೂ ರಾಗ ಹಿಡಿದು ಪ್ರತಿ ಎರಡನೆಯ ಸಾಲಿಗೆ ಜತೆಗೂಡಿತು. ಮೂರನೆಯದು ಬಂದಾಗ ಎಡವಿ, ಗಪ್ಪಾಗಿ, ಮತ್ತೆ ಹಿಡಿಯಿತು. ನೌಕರಿಗೆ ಎಳ್ಳುನೀರು ಬಿಟ್ಟಂತೆಯೇ ಎಂದು ಕೆಲೂರರಿಗೆ ಅನಿಸಿತ್ತು. ಆದರೂ ಅವರು ಯಾರನ್ನೂ ತಡೆಯಲಿಲ್ಲ, ಅಷ್ಟು ಸಂತೋಷ ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಹಾಡು ಮುಗಿದ ಮೇಲೆ ಚಂದಪ್ಪನವರು ಟೋಪಿ ಸರಿಮಾಡಿಕೊಂಡರು. “ಇಂವ ಕುಡುಕ ಅಲ್ಲ ಬಿಡ್ರಿ. ಯಾರನ್ನೋ ಕಳಕೊಂಡಾನ,” ಎಂದಷ್ಟೇ ಹೇಳಿ ಹೊರಟರು. ಕಾಯಂ ಆದೇಶ ಬರಲು ಮತ್ತೂ ಎರಡು ವರ್ಷ ಹಿಡಿಯಿತು, ದೊಡ್ಡವರ ಹಟ ಅಷ್ಟು ಬೇಗ ಇಳಿಯುವುದಿಲ್ಲ. ಶನಿವಾರದ ಹಾಡು ಮಾತ್ರ ನಿಲ್ಲಲಿಲ್ಲ.

ಈಗ, ೧೯೮೯ರಲ್ಲಿ, ಸೇವೆಯಿಂದ ನಿವೃತ್ತರಾಗಿ ಬಾದಾಮಿಯಲ್ಲಿ ನೆಲೆಸಲಿರುವ ಕೆಲೂರ ದಂಪತಿಗಳಿಗೆ ಆಯುರಾರೋಗ್ಯ ತುಂಬಿರಲಿ ಎಂದು ಶಿಷ್ಯವೃಂದ ಮನಸಾರೆ ಹಾರೈಸುತ್ತದೆ. ಅವರ ಕಾರ್ಯ ಮುಂದುವರಿಯಲಿ ಎಂದು ಬೇರೆ ಹೇಳಬೇಕಾಗಿಲ್ಲ. ಶನಿವಾರದ ಕಾರ್ಯಕ್ರಮವನ್ನು ಇಲ್ಲಿಗೆ ಮುಗಿಸಿಬಿಡೋಣವೇ ಎಂದು ಪ್ರಾಚಾರ್ಯರು ಮೆಲ್ಲಗೆ ಕೇಳಿದಾಗ, ಕೆಲೂರ ಸರ್ ರೆಕಾರ್ಡುಗಳನ್ನು ಬಗಲಲ್ಲಿಟ್ಟುಕೊಂಡು ಹೇಳಿದರು: “ನೌಕರಿ ನಿಮ್ಮದಿತ್ತರಿ, ಒಪ್ಪಿಸೇನಿ. ಶನಿವಾರ ನಂದು.”