ಕಿಟಕಿ ಪಕ್ಕದ ಜಾಗ

ಒಳಗೇ ಮುಗ್ಗಿದ್ದ ಕೊಬ್ಬರಿಯೊಂದನ್ನು ಗೌರಮ್ಮ ಮೂಸಿ ನೋಡಿ, ಒಳ್ಳೆಯ ರಾಶಿಗೆ ಹಾಕಿಬಿಟ್ಟಳು. ಚೀಲಕ್ಕೆ ತುಂಬಲು ಅದನ್ನು ಎತ್ತಿಕೊಂಡಾಗ ಮಾಸ್ಕ್ ದಾಟಿ ನನ್ನ ಮೂಗಿಗೆ ವಾಸನೆ ಬಡಿಯಿತು. ನನಗೆ ಎಂಥ ಖುಷಿ!

ಲಾಕ್‌ಡೌನ್ ಮುಗಿದು ತಿಪಟೂರಿನ ನಮ್ಮ ಕೊಬ್ಬರಿ ಮಂಡಿ ಬಾಗಿಲು ತೆರೆದು ವಾರವಾಗಿತ್ತು. ಮೂಸಿ ವಿಂಗಡಿಸುವವಳು ಗೌರಮ್ಮ. ಅದಕ್ಕೇ ಮಾಸ್ಕ್ ಇಳಿಸಲು ಅವಳೊಬ್ಬಳಿಗೇ ಅನುಮತಿ, ಕಿಟಕಿ ಪಕ್ಕದಲ್ಲಿ ಜಾಗ, ಸುತ್ತ ಪ್ಲಾಸ್ಟಿಕ್ ಪರದೆ. ನಾವೆಲ್ಲ ಸೆಕೆಯಲ್ಲಿ ಬೇಯುತ್ತಿದ್ದೆವು. ನನ್ನ ಮೂಗಿಗಿಂತ ಅವಳ ಮೂಗು ಯಾವುದರಲ್ಲಿ ಹೆಚ್ಚು ಎಂದು ದಿನವೂ ನನ್ನ ಹೊಟ್ಟೆ ಉರಿಯುತ್ತಿತ್ತು.

"ಸಾವ್ಕಾರ್ರೇ, ಗೌರಮ್ಮನ ಮೂಗು ಸತ್ತೋಗೈತೆ, ಬಂದು ನೋಡ್ರೀ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಸಾಹುಕಾರರು ಅವಳನ್ನು ಬೈಯಲಿಲ್ಲ. ಗಾಬರಿಯಾಗಿ ಕೆಲಸ ನಿಲ್ಲಿಸಿ, ಎಲ್ಲರಿಗೂ ಕೋವಿಡ್ ಪರೀಕ್ಷೆ ಮಾಡಿಸಿದರು. ಗೌರಮ್ಮನಿಗೆ ಮಾತ್ರ ಪಾಸಿಟಿವ್ ಬಂತು.

ಗುಣವಾಗಿ ಬಂದವಳು ನನ್ನ ಕೈ ಹಿಡಿದುಕೊಂಡಳು. "ಅವತ್ತು ನೀನು ಕೂಗ್ದೆ ಇದ್ದಿದ್ರೆ ನಮ್ಮತ್ತೆಗೂ ಅಂಟಿಸ್ಬುಡ್ತಿದ್ದೆ ಕಣೇ."

ಅವಳಿಗೆ ಇನ್ನೂ ಸರಿಯಾಗಿ ವಾಸನೆ ತಿಳಿಯುವುದಿಲ್ಲ. ಕಿಟಕಿ ಪಕ್ಕದ ಜಾಗ ಈಗ ನನ್ನದು, ಸಾಹುಕಾರರಿಗೆ ಹೇಳಿ ಅವಳೇ ಕೊಡಿಸಿದ್ದು. ಅಂದು ನಾನು ಯಾಕೆ ಕೂಗಿದೆ ಎಂಬುದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.