ನಾಲ್ಕನೆಯ ಕೋರ್

ಕಂಪ್ಯೂಟರ್ ಗಕ್ಕನೆ ನಿಂತಿತೆಂದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಮಂಚದ ಕಡೆಗೆ. ಹೃದಯಾಘಾತವಾಗಿ ಆಸ್ಪತ್ರೆಯಿಂದ ಬಂದ ನನ್ನ ಗಂಡ ಅಲ್ಲಿ ಮಲಗಿರುತ್ತಿದ್ದರು. ಅವರ ಎದೆ ಏರಿಳಿಯುವುದನ್ನು ನೋಡಿದ ಮೇಲೆಯೇ ಮೌಸ್ ಮುಟ್ಟುತ್ತಿದ್ದೆ. ಅವರು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಕಣ್ಣು ಫೋನಿನ ಕಡೆಗೆ ಹೋಗುತ್ತಿತ್ತು.

ಬೊರಿವಲಿಯ ಆ ಒಂದೇ ಕೋಣೆಯಲ್ಲಿ ಕುಳಿತು ನಾನು ಪ್ರೆಸ್ಸಿನವರಿಗೆ ಮದುವೆ ಕಾಗದ ಟೈಪ್ ಮಾಡಿ ಕೊಡುತ್ತಿದ್ದೆ. ಕಂಪ್ಯೂಟರ್ ಜೋಡಿಸಿದವರು ಇವರೇ. ದೊಡ್ಡ ಕಂಪೆನಿಯ ಪ್ರೊಸೆಸರ್ ಚಿಪ್ ನಮ್ಮ ಕೈಗೆಟುಕುವಂಥದ್ದಲ್ಲ. ಅದರ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ ಸಣ್ಣ ಕಂಪೆನಿಯೇ ನಮ್ಮಂಥವರಿಗೆ ಗತಿ. ಆ ಕಂಪೆನಿಯವರು ಒಂದು ಚಿಪ್‌ನಲ್ಲಿ ನಾಲ್ಕು ಕೋರ್, ಅಂದರೆ ದುಡಿಯುವ ನಾಲ್ಕು ಭಾಗ, ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಒಂದು ಕೆಟ್ಟದ್ದೆಂದು ಕಂಡರೆ ಅದೊಂದನ್ನು ಮುಚ್ಚಿ, ಮೂರು ಕೋರಿನದೆಂದು ಅಗ್ಗಕ್ಕೆ ಮಾರುತ್ತಿದ್ದರು. ಕೆಲವೊಮ್ಮೆ ಚೆನ್ನಾಗಿದ್ದುದನ್ನೂ ಮುಚ್ಚುತ್ತಿದ್ದರಂತೆ. ಹಾಗಾಗಿ ಸೆಟ್ಟಿಂಗ್ ಬದಲಿಸಿ ನಾಲ್ಕನೆಯದನ್ನು ಎಬ್ಬಿಸುವ ಹುಚ್ಚು ಆಗ ಎಲ್ಲರಿಗೂ. ಇವರೂ ಎಬ್ಬಿಸಿದರು.

“ಪುಕ್ಕಟೆ ಒಂದು ಸಿಕ್ಕಿತು ಮಾರಾಯ್ತಿ!” ಎಂದು ಕುಣಿದರು.

ಪುಕ್ಕಟೆಯಂತೆ, ಪುಕ್ಕಟೆ! ನಾಲ್ಕು ದಿನ ಸರಿಯಾಗಿ ನಡೆಯುತ್ತಿತ್ತು. ಆಮೇಲೆ ವಧುವಿನ ಹೆಸರು ಮುಗಿದು ವರನ ಹೆಸರು ಬರುವಷ್ಟರಲ್ಲಿ ಪರದೆ ಮರಗಟ್ಟುತ್ತಿತ್ತು. ಮೊದಲೆಲ್ಲ ಬೈಯುತ್ತಿದ್ದೆ. ಇವರು ಆಸ್ಪತ್ರೆಯಿಂದ ಬಂದ ಮೇಲೆ ಬೈಯಲೂ ಹೆದರಿಕೆ.

“ಹೃದಯದ ಒಂದು ಭಾಗ ಹೋಗಿದೆ. ಉಳಿದದ್ದರಲ್ಲಿ ಬದುಕಬಹುದು. ಆದರೆ ಓವರ್‌ಟೈಮ್ ಬೇಡ” ಎಂದಿದ್ದರು ಡಾಕ್ಟರು. ಇವರು ತಲೆಯಾಡಿಸಿದ್ದೇ ಆಡಿಸಿದ್ದು. ವಿಕ್ರೋಳಿಯ ಫ್ಯಾಕ್ಟರಿಗೆ ಮರಳಿದ ವಾರವೇ ಓವರ್‌ಟೈಮ್ ಶುರು. ಹೇಳಿದರೆ, “ನನಗೆಂತ ಆಗಿದೆ? ಗಟ್ಟಿ ಉಂಟು” ಎನ್ನುತ್ತಿದ್ದರು. ಲೋಕಲ್ ರೈಲಿನ ನೂಕಾಟದಲ್ಲಿ ಕುಸಿದರೆ ಬಗ್ಗಿ ನೋಡುವವರು ಯಾರು?

ಒಂದು ಭಾನುವಾರ ಬೆಳಿಗ್ಗೆ ಓವರ್‌ಟೈಮಿಗೆ ಹೊರಟು, ಊಟದ ಡಬ್ಬಾ ಪಕ್ಕದಲ್ಲಿಟ್ಟು ಮಂಚದ ಮೇಲೆ ಕುಳಿತು ಬೂಟು ಹಾಕಿಕೊಳ್ಳುತ್ತಿದ್ದರು. ಪರದೆ ನಿಂತಿತು. ತಿರುಗಿದರೆ ಇವರು ಬಗ್ಗಿದವರು ಏಳುತ್ತಲೇ ಇಲ್ಲ. ಕಿಟಾರನೆ ಕಿರುಚಿದೆ.

“ಎಂತ ಮಾರಾಯ್ತಿ, ಲೇಸ್ ಕಟ್ತಾ ಇದ್ದೆ.”

ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಅವರು ಹಿಂದೆ ತೋರಿಸಿದ್ದ ಸೆಟ್ಟಿಂಗಿಗೆ ಹೋದೆ.

“ನಾಲ್ಕನೆಯದು ಮುಚ್ಚುತ್ತೇನೆ. ನನಗೆ ಸಾಕಾಯಿತು.”

“ನಿಧಾನ ಆಗ್ತದೆ.”

“ಆಗ್ಲಿ. ನಡುವಲ್ಲಿ ನಿಲ್ಲುವುದಿಲ್ಲ ಅಲ್ವಾ?”

“ಇಲ್ಲ. ನಿಲ್ಲುವುದಿಲ್ಲ” ಎಂದರು.

ನಾನು ತಿರುಗಲಿಲ್ಲ. ಬಾಗಿಲ ಚಿಲಕ ತೆಗೆಯುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿಗೊಟ್ಟು ಕುಳಿತೆ. ಬಂದದ್ದು ಡಬ್ಬಾದ ಮುಚ್ಚಳ ತೆಗೆದ ಸದ್ದು. ತಿರುಗಿದರೆ, ಮಧ್ಯಾಹ್ನಕ್ಕೆಂದು ಕಟ್ಟಿದ್ದ ನೀರುದೋಸೆಯನ್ನು ಅವರು ಬೂಟು ಬಿಚ್ಚಿಟ್ಟು ಮಂಚದ ಮೇಲೆಯೇ ಕುಳಿತು ತಿನ್ನುತ್ತಿದ್ದರು.

“ಚಟ್ನಿ ಇನ್ನೂ ಉಂಟಾ?” ಎಂದರು.

ಎದ್ದು ಚಟ್ನಿ ತಂದು ಬಡಿಸಿ, ಅವರ ಬೂಟನ್ನು ಮಂಚದ ಕೆಳಗೆ ಸರಿಸಿದೆ.