ನನ್ನ ಸೀಟಿ ಮತ್ತು ಮುತ್ತ್ಯಾನ ಬೇಟೆನಾಯಿ

ಮೂವತ್ತಮೂರು ವರ್ಷ ನಾನು ಡ್ರಿಲ್ ಮಾಸ್ತರನಾಗಿದ್ದೆ. ಸೇವೆ ಬಾಗಲಕೋಟೆಯಲ್ಲಿ ಶುರುವಾಯಿತು, ಬಹುಪಾಲು ಬಾದಾಮಿಯಲ್ಲಿ ಕಳೆಯಿತು, ಹುನಗುಂದದಲ್ಲಿ ಮುಗಿಯಿತು. ಬಾದಾಮಿಯಲ್ಲಿದ್ದಾಗ ನನ್ನ ಸೀಟಿಗೆ ಮಕ್ಕಳಷ್ಟೇ ಅಲ್ಲ, ಬಿಸಿಯೂಟದ ಕೋಣೆಯ ಮೇಲೆ ಕೂತ ಮಂಗಗಳೂ ಜಾಗ ಖಾಲಿ ಮಾಡುತ್ತಿದ್ದವು. ನಿವೃತ್ತಿಯಾದ ಮರುದಿನ ಎಂದಿನಂತೆ ಐದಕ್ಕೆ ಎದ್ದು, ಸೀಟಿ ಕೊರಳಿಗೆ ಹಾಕಿಕೊಂಡು ಹುನಗುಂದದ ನಮ್ಮ ಮನೆಯ ಅಂಗಳಕ್ಕೆ ಬಂದೆ. ನೀರಿನ ಟಾಕಿ ಬಿಟ್ಟರೆ ಅಲ್ಲಿ ನೆಟ್ಟಗೆ ನಿಂತವರು ಯಾರೂ ಇರಲಿಲ್ಲ.

ಒಂದು ವಾರ ನೋಡಿ ಹೆಂಡತಿ ಹೇಳಿದಳು: "ಆ ಸೀಟಿ ತಗದು ಟ್ರಂಕಿನ್ಯಾಗ ಇಡ್ರಿ. ಹಾಲು ಹಾಕಾಂವ ಬಾಗಿಲ ಮುಂದ ಬಂದು ಸೆಟದು ನಿಂದ್ರಾಕತ್ತಾನ. ಹಾಲು ತುಳಕತೈತಿ."

ಹಾಲು ಹಾಕುವವನು ನನ್ನ ಹಳೆಯ ವಿದ್ಯಾರ್ಥಿ. ಅವನಲ್ಲಿ ನಾನು ತಪ್ಪು ಕಾಣಲಿಲ್ಲ. ಆದರೆ ಇಡೀ ಊರಿನಲ್ಲಿ ನನ್ನ ಮಾತು ಕೇಳುವವನು ಅವನೊಬ್ಬನೇ ಉಳಿದಿದ್ದ ಎಂಬುದು ಮನಸ್ಸಿಗೆ ನಾಟಿತು.

ಅದೇ ತಿಂಗಳು, ಇಳಕಲ್ಲಿನಿಂದ ಸ್ಕೂಟರ್ ಮೇಲೆ ಬರುವಾಗ ರಸ್ತೆ ಪಕ್ಕದ ಎರೆಹೊಲದಲ್ಲಿ ಒಂದು ನಾಯಿ ಓಡುವುದನ್ನು ಕಂಡೆ. ಉದ್ದ ಕಾಲು, ಸಣ್ಣ ನಡು, ಬಿಲ್ಲಿನಂತೆ ಬಾಗಿದ ಬೆನ್ನು: ಮುಧೋಳ ನಾಯಿ. ಅದು ಜೋಳ ಕೊಯ್ದ ಕೂಳೆಯ ಮೇಲೆ ನೆಲ ಮುಟ್ಟದಂತೆ ಹೋಗುತ್ತಿತ್ತು. ಹೋದದ್ದು ನಡು ಓಟದಲ್ಲೇ ತಿರುಗಿ, ದೂರದಲ್ಲಿ ಬೆನ್ನು ಹಾಕಿ ನಡೆಯುತ್ತಿದ್ದ ಒಬ್ಬ ಮುದುಕನ ಬಳಿಗೆ ಹಿಂದಿರುಗಿ ಬಂತು. ನಾನು ಸ್ಕೂಟರ್ ನಿಲ್ಲಿಸಿದೆ. "ಹಿಂದಕ್ಕೆ ತಿರುಗು" ಎಂಬ ಆಜ್ಞೆಯನ್ನು ಮಕ್ಕಳಿಗೆ ಕಲಿಸುವುದರಲ್ಲಿ ನನ್ನ ಆಯುಷ್ಯ ಸವೆದಿದೆ. ಅಂಥ ತಿರುಗುವಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ಆ ಮುದುಕನನ್ನು ಊರೆಲ್ಲ ಮುತ್ತ್ಯಾ ಅನ್ನುತ್ತದೆ. ವಯಸ್ಸು ಎಂಬತ್ತರ ಮೇಲೆ. ಹುಡುಗನಿದ್ದಾಗ ಅಪ್ಪನ ಜೊತೆ ಇದೇ ಹೊಲಗಳಲ್ಲಿ ನಾಯಿ ಬಿಟ್ಟು ಮೊಲ ಬೇಟೆಯಾಡಿದವನು. ಕಾನೂನು ಬಂದ ಮೇಲೆ ಬೇಟೆ ಬಿಟ್ಟ, ನಾಯಿ ಬಿಡಲಿಲ್ಲ. ಮನೆಯಲ್ಲಿ ಅವನೂ ಅವನ ಹೆಂಡತಿ ಆಯಿಯೂ ನಾಲ್ಕು ನಾಯಿಗಳನ್ನು ಸಾಕಿದ್ದರು. ನಾಯಿಗೆ ಏನು ತಿನ್ನಿಸಬೇಕು, ಯಾವಾಗ ಮಾತಾಡಿಸಬೇಕು ಎಂಬುದು ಆಯಿಯ ಇಲಾಖೆ. ಓಟ ಮುತ್ತ್ಯಾನ ಇಲಾಖೆ.

ನನಗೊಂದು ಮರಿ ಬೇಕು ಎಂದೆ.

"ನಾ ನಾಯಿ ಮಾರೂದಿಲ್ರಿ," ಅಂದ ಮುತ್ತ್ಯಾ. "ಕೊಟ್ಟು ನೋಡ್ತೇನಿ. ಮುಂದಿನ ಸುಗ್ಗಿ ಮುಗದ ಮ್ಯಾಲ ಇದ ಹೊಲದಾಗ ಪರೀಕ್ಷಾ. ಓಡೂ ನಾಯಿ ನಡುವ ತಿರುಗಿ ನಿಮ್ಮ ಹಂತೇಕ ಬರಬೇಕು. ಬಂದ್ರ ನಿಮ್ಮದು. ಬರದಿದ್ರ ನಮ್ಮದು."

"ಹಿಡಿಯೂದು ಕಲಸೂದಿಲ್ಲೇನ್ರಿ?"

"ಅದನ್ನ ಅದರವ್ವ ಹೊಟ್ಟ್ಯಾಗ ಕಲಿಸಿ ಕಳಸ್ಯಾಳ. ಈಗ ಮೊಲಾ ಹಿಡದ್ರ ಅರಣ್ಯದವರು ನಿಮ್ಮನ್ನ ಹಿಡೀತಾರ. ಅದಕ್ಕ ತಿರುಗೂದ ವಿದ್ಯಾ."

ಷರತ್ತು ಸ್ಪಷ್ಟವಾಗಿತ್ತು. ಮೂರು ತಿಂಗಳ ಬಿಳಿಯ ಹೆಣ್ಣುಮರಿಯೊಂದನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದೆ. ಅದು ಅಡುಗೆಮನೆಯ ಹೊಸ್ತಿಲಲ್ಲಿ ಮಲಗಿತು. ಹೆಂಡತಿ ಅದನ್ನು ದಾಟಿಕೊಂಡು ಓಡಾಡಿದಳು, ಮುಟ್ಟಲಿಲ್ಲ. "ನಿಮ್ಮ ಸಾಲಿಗೆ ಹೊಸಾ ಹಾಜರಿ ಬಂತು," ಅಂದಳು, ಅಷ್ಟೇ.

ಅಂದೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. 5.00 ಏಳುವುದು. 5.10 ಬಹಿರ್ದೆಸೆ. 5.20 ಓಟ. 6.00 ಹಾಲು, ನೆನೆಸಿದ ರೊಟ್ಟಿ. 6.15 ಆಜ್ಞಾಪಾಲನೆ. ಮರಿಯ ಹೆಸರಿನಲ್ಲಿ ಒಂದು ನೋಟುಬುಕ್ಕು ತೆರೆದು ದಿನದ ಪ್ರಗತಿ ಬರೆದೆ. ಮೊದಲ ಭಾನುವಾರ ಪಟ್ಟಿಯ ನಕಲನ್ನೂ ಮರಿಯನ್ನೂ ತೆಗೆದುಕೊಂಡು ಮುತ್ತ್ಯಾನ ಊರಿಗೆ ಹೋಗಿ ಓದಿ ತೋರಿಸಿದೆ. ಅವನು ಕೊನೆಯವರೆಗೂ ಕೇಳಿದ.

"ಭಾಳ ಚೊಲೊ ಬರದೀರಿ," ಅಂದ. "ನಾಯಿಗೆ ಓದಿ ಹೇಳೀರೇನು?"

ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹೊರಗೆ ಬಂದು ಮರಿಯ ಪಕ್ಕೆಲುಬು ಮುಟ್ಟಿ ನೋಡಿ ನನ್ನನ್ನು ಗದರಿದಳು. "ಮಾಸ್ತರ್ರ, ಇದನ್ನ ಬೈದೀರೇನ್ರಿ?"

"ಒಮ್ಮೆ. ಮಂಗಳವಾರ. ಸಾಲಿನಲ್ಲಿ ನಿಲ್ಲಲಿಲ್ಲ."

"ಒಂದು ನಾಯಿ ಯಾವ ಸಾಲಿನ್ಯಾಗ ನಿಂದ್ರಬೇಕ್ರಿ? ಇವು ಬೈದ್ರ ಉಣ್ಣೂದ ಬಿಡ್ತಾವು. ಇನ್ನ ಬೈಬ್ಯಾಡ್ರಿ. ಬೈಬೇಕು ಅನಿಸಿದ್ರ ನಿಮ್ಮ ಮನಿಯವರನ್ನ ಬೈರಿ."

ನಾನು ನೋಟುಬುಕ್ಕಿನಲ್ಲಿ ಮೊದಲ ಅರ್ಧವನ್ನಷ್ಟೇ ಬರೆದುಕೊಂಡೆ.

ಓಟದ ಪಾಠ ಹಗ್ಗದಿಂದ ಶುರುವಾಗುತ್ತದೆ. ಹಗ್ಗವನ್ನು ನಾಯಿಯ ಕೊರಳಪಟ್ಟಿಯೊಳಗಿಂದ ಹಾಯಿಸಿ ಎರಡೂ ತುದಿಗಳನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಒಂದು ತುದಿ ಬಿಟ್ಟರೆ ಹಗ್ಗ ತಾನೇ ಜಾರಿ ನಾಯಿಗೆ ಬಿಡುಗಡೆ. ಇದು ನನಗೆ ಹತ್ತು ನಿಮಿಷದಲ್ಲಿ ಬಂತು. ಮುತ್ತ್ಯಾನಿಗೆ ಅದು ಸಾಲಲಿಲ್ಲ.

"ಮರೀನ ಆಯಿ ಕಡೆ ಕೊಡ್ರಿ. ಇವತ್ತ ನೀವ ನಾಯಿ ಆಗ್ರಿ."

ಪಾಠ ಶುರುವಾದ ಕೂಡಲೇ ಅವನ ಮಾತಿನಲ್ಲಿ ಸಂಕೋಚ ಉಳಿಯುತ್ತಿರಲಿಲ್ಲ. ನನ್ನ ಸೊಂಟದ ಬೆಲ್ಟಿನೊಳಗಿಂದ ಹಗ್ಗ ಹಾಯಿಸಿದ. ಆಯಿ ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು ದೂರದ ಬೇವಿನ ಮರದ ಹತ್ತಿರ ನಿಂತಳು.

"ಆ ಚಾ ನಿನ್ನ ಮೊಲಾ," ಅಂದ ಮುತ್ತ್ಯಾ. ಹಗ್ಗ ಸಡಿಲಿಸಿದ. "ಓಡಲೇ ಮಾಸ್ತರಾ!"

ಬದುವಿನ ಮೇಲೆ ಕುರಿ ಕಾಯುತ್ತಿದ್ದ ಇಬ್ಬರು ಎದ್ದು ನಿಂತು ನೋಡಿದರು. ನಾನು ಓಡಿದೆ. ಕಲಿಯುವಾಗ ಪೂರ್ಣವಾಗಿ ಕಲಿಯಬೇಕು ಎಂಬುದು ನನ್ನ ನಿಯಮ. ಅರ್ಧ ದಾರಿಗೆ ಬರುವಷ್ಟರಲ್ಲಿ ಆಯಿ ಚಹಾದ ಸಮೇತ ಮರದ ಹಿಂದೆ ಸರಿದು ಮರೆಯಾದಳು. ಏನು ಮಾಡುವುದೆಂದು ತಿಳಿಯದೆ ನಿಂತು ಹಿಂದೆ ನೋಡಿದೆ. ಮುತ್ತ್ಯಾ ನನಗೆ ಬೆನ್ನು ಹಾಕಿ, ಕೋಲೂರುತ್ತ ಮನೆಯ ಕಡೆ ಬಿರಬಿರನೆ ಹೊರಟುಬಿಟ್ಟಿದ್ದ. ನನ್ನಿಂದ ಏನೋ ತಪ್ಪಾಯಿತೆಂದು ಗಾಬರಿಯಾಗಿ ಅವನ ಹಿಂದೆಯೇ ಓಡಿದೆ.

"ಯಾಕ ಬಂದಿ?" ಅಂದ.

"ನೀವ ಹೊಂಟ್ರೆಲ್ಲ?"

"ಹೂಂ," ಅಂದ. ಅಲ್ಲಿಗೆ ಪಾಠ ಮುಗಿಯಿತು. ತಣ್ಣಗಾದ ಚಹಾ ಕುಡಿದು ಬಂದೆ. ಅಂದು ನೋಟುಬುಕ್ಕಿನಲ್ಲಿ ಬರೆದದ್ದು: "ಗುರುಗಳಿಗೆ ವಯಸ್ಸಾಗಿದೆ. ಪಾಠ ಅರ್ಧಕ್ಕೇ ಬಿಟ್ಟು ಮನೆಗೆ ಹೊರಟರು."

ಆದ್ದರಿಂದ ತಿರುಗುವುದನ್ನು ನಾನೇ ಸೀಟಿಯಿಂದ ಕಲಿಸಿದೆ. ಒಂದು ಉದ್ದ ಸೀಟಿಗೆ ನಿಲ್ಲುವುದು, ಎರಡು ಗಿಡ್ಡ ಸೀಟಿಗೆ ಹಿಂದಿರುಗುವುದು. ಎಂಟು ತಿಂಗಳಲ್ಲಿ ನಾಯಿ ಶಾಲೆಯ ಮೈದಾನದಲ್ಲಿ ಒಂದು ಸಲವೂ ತಪ್ಪಲಿಲ್ಲ. ಹೆಮ್ಮೆಯಿಂದ ಮುತ್ತ್ಯಾನಿಗೆ ಹೇಳಿದೆ.

"ಮೈದಾನದಾಗ ಏನೈತಿ?" ಅಂದ.

"ಏನೂ ಇಲ್ಲ. ಅಚ್ಚುಕಟ್ಟಾಗಿದೆ."

"ಅದಕ್ಕ ಬರತೈತಿ. ಇವು ಕಣ್ಣೀಲೆ ಬೇಟೆ ಮಾಡೂ ನಾಯಿ. ಮೊಲಾ ಕಂಡ ಮ್ಯಾಲ ಇವಕ್ಕ ಕಿವಿ ಇರೂದಿಲ್ಲ."

ಸೀಟಿಯ ಪರಿಚಯವಿಲ್ಲದ ಮನುಷ್ಯ ಎಂದುಕೊಂಡೆ. ಆದರೆ ಪರೀಕ್ಷೆ ಹತ್ತಿರವಾದಂತೆ ನಿದ್ದೆ ಕಡಿಮೆಯಾಯಿತು. ಐದಕ್ಕೆ ನಾನು ಕಣ್ಣು ಬಿಡುವಾಗ ನಾಯಿ ಮಂಚದ ಅಂಚಿಗೆ ಗಲ್ಲ ಇಟ್ಟುಕೊಂಡು ನನ್ನನ್ನೇ ನೋಡುತ್ತಿರುತ್ತಿತ್ತು. ಅದು ಹಿಂದಕ್ಕೆ ಹೋದರೆ ಐದು ಗಂಟೆಯನ್ನು ಏನು ಮಾಡುವುದು ಎಂದು ನನಗೆ ತಿಳಿದಿರಲಿಲ್ಲ.

ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ. ನಾನೂ ನಾಯಿಯೂ ನಡೆದು ಹೋದೆವು. ಹೆಂಡತಿ ಬುತ್ತಿ ತರುವ ನೆಪ ಹೇಳಿ ಇಳಕಲ್ ಸೀರೆ ಉಟ್ಟು ಟಂಟಂ ಆಟೋದಲ್ಲಿ ಬಂದಳು. ಮುತ್ತ್ಯಾ ಬದುವಿನ ಮೇಲೆ ಹಗ್ಗ ಹೆಣೆದ ಹೊರಸು ಹಾಕಿಸಿಕೊಂಡು ಅದರ ಮೇಲೆ ಕೂತಿದ್ದ, ಪಕ್ಕದಲ್ಲಿ ಆಯಿ. ರಸ್ತೆಯಾಚೆ ಊರಿನ ಪ್ರಾಥಮಿಕ ಶಾಲೆ. ಶನಿವಾರವಾದ್ದರಿಂದ ಮಕ್ಕಳು ಸಾಲುಸಾಲಾಗಿ ಕವಾಯತು ಮಾಡುತ್ತಿದ್ದರು. ಸಾಲುಗಳು ಸೊಟ್ಟಗಿದ್ದವು. ನಾನು ಆ ಕಡೆ ನೋಡದಿರಲು ಪ್ರಯತ್ನಿಸಿದೆ.

ಮುತ್ತ್ಯಾನ ಮಗ ಮೋಟಾರುಸೈಕಲ್ಲಿಗೆ ಹಗ್ಗ ಕಟ್ಟಿ ಗೋಣಿಚೀಲದ ತುಂಡೊಂದನ್ನು ಎಳೆದುಕೊಂಡು ಹೊರಟ. ಅದೇ ಮೊಲ. ನಾನು ಹಗ್ಗ ಬಿಟ್ಟೆ. ನಾಯಿ ಹಾರಿತು. ಎರಡು ಗಿಡ್ಡ ಸೀಟಿ ಊದಿದೆ. ನಾಯಿ ತಿರುಗಿತು. ನಾನು ಹೊರಸಿನ ಕಡೆ ನೋಡಿ ಕೈ ಕಟ್ಟಿಕೊಂಡು ನಿಂತೆ. ಜೀವನದಲ್ಲಿ ಅಷ್ಟು ಸಮಾಧಾನದ ಕ್ಷಣಗಳು ನನಗೆ ಹೆಚ್ಚು ಸಿಕ್ಕಿಲ್ಲ. ಇದೂ ಹೆಚ್ಚು ಹೊತ್ತು ಇರಲಿಲ್ಲ.

ಹಿಂದಿರುಗುತ್ತಿದ್ದ ನಾಯಿಯ ಮೂಗಿನ ಮುಂದೆಯೇ ಕೂಳೆಯೊಳಗಿಂದ ನಿಜವಾದ ಮೊಲವೊಂದು ಎದ್ದಿತು.

"ಅಯ್ಯ ನನ್ನ ಶಿವನ, ಮೊಲಾ!" ಎಂದು ಆಯಿ ಕೂಗಿದಳು.

"ಮೊಲಾ? ಹಂಗಾರ ಪರೀಕ್ಷಾ ಈಗ ಶುರು ಆತು," ಅಂದ ಮುತ್ತ್ಯಾ, ಕೂತಲ್ಲಿಂದ ಅಲುಗದೆ.

ನಾನು ಎರಡು ಗಿಡ್ಡ ಸೀಟಿ ಊದಿದೆ. ನಾಯಿ ಕಿವಿ ಕೂಡ ಆಡಿಸಲಿಲ್ಲ. ಮತ್ತೆ ಊದಿದೆ. ಕೊನೆಗೆ ಎದೆಯಲ್ಲಿದ್ದ ಉಸಿರೆಲ್ಲ ಕೂಡಿಸಿ ಒಂದು ಉದ್ದ ಸೀಟಿ ಊದಿದೆ. ಆ ಸೀಟಿಗೆ ರಸ್ತೆಯಾಚೆ ಇಡೀ ಶಾಲೆ ನಿಂತಿತು. ಎತ್ತಿದ ಕೈ ಎತ್ತಿದಲ್ಲೇ, ಬಾಗಿದ ನಡು ಬಾಗಿದಲ್ಲೇ. ಅಲ್ಲಿನ ಮಾಸ್ತರರು, ಚಿಕ್ಕ ವಯಸ್ಸಿನವರು, ತಾವೂ ಸೆಟೆದು ನಿಂತರು. ನಿಲ್ಲದೆ ಉಳಿದದ್ದು ನನ್ನ ನಾಯಿ ಒಂದೇ.

ಮೊಲಕ್ಕೂ ನಾಯಿಗೂ ನಡುವೆ ನಾಲ್ಕು ಮಾರು ಉಳಿದಿತ್ತು. ಆಗ ಮೊಲ ಸರಕ್ಕನೆ ಬದುವಿನ ಹಿಂದೆ ಹೊರಳಿ ಮರೆಯಾಯಿತು. ನಾಯಿ ಎಡವಿದಂತೆ ನಿಂತು ತಲೆ ಎತ್ತಿತು. ಆ ನಿಲುವು ನನಗೆ ಗೊತ್ತಿತ್ತು. ಚಹಾ ಮರದ ಹಿಂದೆ ಹೋದಾಗ ನಾನು ನಿಂತದ್ದು ಹಾಗೆಯೇ. ಇನ್ನೊಂದು ಕ್ಷಣಕ್ಕೆ ಅದು ಹಿಂದೆ ತಿರುಗಿ ನೋಡುತ್ತದೆ. ನೋಡಿದಾಗ ಏನು ಕಾಣಬೇಕು ಎಂಬುದನ್ನು ಮುತ್ತ್ಯಾ ನನ್ನ ಬೆಲ್ಟಿಗೆ ಹಗ್ಗ ಹಾಕಿ ಹತ್ತು ತಿಂಗಳ ಹಿಂದೆಯೇ ಕಲಿಸಿದ್ದ. ನಾನು ಅದನ್ನು ಅವನ ಮುಪ್ಪಿನ ಲೆಕ್ಕಕ್ಕೆ ಬರೆದಿದ್ದೆ.

ಸೀಟಿಯನ್ನು ಬಾಯಿಂದ ತೆಗೆದೆ. ನಾಯಿಗೂ, ಗುರುಗಳಿಗೂ, ಸಾವಧಾನದಲ್ಲಿ ನಿಂತ ಇಡೀ ಶಾಲೆಗೂ ಬೆನ್ನು ತಿರುಗಿಸಿ ಓಡಿದೆ. ಮುಂದೆ ನಿಂತವನು ಬೆನ್ನು ತಿರುಗಿಸಬಾರದು ಎಂದು ಮೂವತ್ತಮೂರು ವರ್ಷ ಪಾಠ ಹೇಳಿದವನು. ಎಡಗಾಲಿನ ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಹಿಂದೆ ನಾಯಿ ಬರುತ್ತಿದೆಯೋ ಇಲ್ಲವೋ ನೋಡುವ ಆಸೆಯಾಯಿತು, ನೋಡಲಿಲ್ಲ. ನೋಡಿದರೆ ಓಡುತ್ತಿರುವುದು ಸುಳ್ಳೆಂದು ಅದಕ್ಕೆ ಗೊತ್ತಾಗಿಬಿಡುತ್ತದೆ. ಮಕ್ಕಳು ಶಿಸ್ತು ಮರೆತು ಹೋ ಎಂದು ಕೂಗುವುದು ಕೇಳಿಸಿತು.

ಯಾವುದೋ ಬಿಳಿಯದು ನನ್ನ ಮೊಣಕಾಲು ಸವರಿಕೊಂಡು ಮುಂದೆ ಹೋಯಿತು. ನಾನು ಆಯ ತಪ್ಪಿ, ಎದುರಿಗಿದ್ದ ಒಣ ಜೋಳದ ಕಣಿಕೆಯ ರಾಶಿಯೊಳಗೆ ತಲೆ ಮುಂದಾಗಿ ಹೊಕ್ಕೆ. ಕಣ್ಣೊರೆಸಿಕೊಂಡು ನೋಡಿದರೆ ನಾಯಿ ನಾಲಿಗೆ ಚಾಚಿ ನನ್ನೆದುರು ನಿಂತಿತ್ತು. ಬಾಯಿ ಖಾಲಿ. ಮೊಲದ ಒಂದು ಕೂದಲೂ ಇರಲಿಲ್ಲ.

ಕಣಿಕೆ ಕೊಡವಿಕೊಂಡು, ಒಂದೇ ಚಪ್ಪಲಿಯಲ್ಲಿ ಹೊರಸಿನ ಮುಂದೆ ಹೋಗಿ ನಿಂತೆ.

"ಏನಾತು?" ಎಂದು ಮುತ್ತ್ಯಾ ಆಯಿಯನ್ನು ಕೇಳಿದ.

"ನಾಯಿ ಬಂತು. ಮಾಸ್ತರ್ರು ಬಿದ್ರು."

ನಾನು ಬೆರಗಾಗಿ ಕೇಳಿದೆ: "ನೀವ ನೋಡ್ಲಿಲ್ಲೇನ್ರಿ?"

"ಅಂವಗ ಎರಡು ವರ್ಷ ಆತು, ಹೊರಸಿನಾಚೆ ಏನೂ ಕಾಣೂದಿಲ್ಲ," ಅಂದಳು ಆಯಿ. "ದವಾಖಾನಿಗೆ ನಡಿ ಅಂದ್ರ, ಕಣ್ಣು ನಾಯಿಗಿದ್ರ ಸಾಕು ಅಂತಾನ."

"ಕಾಣಬೇಕಂತ ಏನೈತಿ?" ಅಂದ ಮುತ್ತ್ಯಾ. "ಸೀಟಿ ನಿಂತಿದ್ದು ಕೇಳಿಸ್ತು. ಮಾಸ್ತರ ಕಲತ ಅಂತ ಆಗ ಗೊತ್ತಾತು. ನಾಯಿದೇನು, ಅದು ಮೊದಲ ಕಲತಿತ್ತು. ಒಯ್ರಿ ಮನಿಗೆ."

ಅಷ್ಟರಲ್ಲಿ ಶಾಲೆಯ ಚಿಕ್ಕ ಮಾಸ್ತರರು ರಸ್ತೆ ದಾಟಿ ಓಡಿ ಬಂದರು. "ಸರ್, ಇನ್ಸ್‌ಪೆಕ್ಷನ್ ಇತ್ತೇನ್ರಿ? ನಮಗ ಮೊದಲ ಹೇಳಿಲ್ಲಲ್ರಿ?" ಎಂದು ಏದುಸಿರು ಬಿಟ್ಟರು. ನಾನು ಸೀಟಿಯನ್ನು ಕೊರಳಿನಿಂದ ತೆಗೆದು ಅವರ ಕೈಗೆ ಇಟ್ಟೆ. ಎರಡನೆಯ ಸಾಲು ಸೊಟ್ಟಗಿದೆ ಎಂದೂ ಹೇಳಿದೆ. ಅದನ್ನು ಹೇಳದೆ ಬರಲು ನನ್ನಿಂದ ಆಗಲಿಲ್ಲ.

ಬುತ್ತಿ ಬಿಚ್ಚಿ ಎಲ್ಲರೂ ಬೇವಿನ ಮರದ ಕೆಳಗೆ ಉಂಡೆವು. ಆಯಿ ನಾಯಿಯನ್ನು ತೊಡೆಗೆ ಒರಗಿಸಿಕೊಂಡು ಅದರ ಕಿವಿಯಲ್ಲಿ ಏನೋ ಹೇಳಿ ಬೀಳ್ಕೊಟ್ಟಳು. ಹೊರಡುವ ಹೊತ್ತಿಗೆ ನಾನು ಚಪ್ಪಲಿ ಹುಡುಕುವ ಕ್ರಮವನ್ನು ಯೋಚಿಸುತ್ತಿದ್ದೆ: ಮೊದಲು ಪೂರ್ವದ ಸಾಲುಗಳು, ಆಮೇಲೆ ಪಶ್ಚಿಮದವು. ನಾಯಿ ನೆರಳು ಬಿಟ್ಟು ಏಳಲಿಲ್ಲ.

ಹೆಂಡತಿ ಬುತ್ತಿಯ ಗಂಟು ಕಟ್ಟಿದಳು. ಯಾರನ್ನೂ ಕರೆಯಲಿಲ್ಲ. ಹಿಂದಿರುಗಿ ನೋಡದೆ ರಸ್ತೆಯ ಕಡೆ ನಡೆದಳು.

ನಾಯಿ ಎದ್ದು ಅವಳ ಹಿಂದೆ ಹೊರಟಿತು. ನಾನೂ ಚಪ್ಪಲಿ ಅಲ್ಲಿಗೇ ಬಿಟ್ಟು ಹೊರಟೆ.